ಹಲ್ಲು ಬೆಳ್ಳಗಾಗುವುದು ಹೇಗೆ?



ನಮ್ಮ ಬಂಗೂರನಗರದ ಪೇಪರ್ ಮಿಲ್ ಎಲ್ಲರಿಗೂ ಗೊತ್ತು. ಆ ಕಂಪನಿ 1955ರಲ್ಲಿ ಶುರುವಾಯಿತು. ಕಟ್ಟಿಗೆಯ ತಿರುಳಿನಿಂದ ಕಾಗದ ಮಾಡ್ತಾರೆ. ಆ ತಿರುಳು ಮೊದಲು ಕಂದು ಬಣ್ಣ. ತಿಕ್ಕಿದರೆ ಅದು ಬೆಳ್ಳಗಾಗದು. ರಾಸಾಯನಿಕ ಹಾಕಿ ಬಣ್ಣ ತೆಗೀತಾರೆ. ಹಾಗಾದರೆ ಹಲ್ಲು ತಿಕ್ಕಿದಷ್ಟೂ ಬೆಳ್ಳಗಾಗ್ತದೆಯೇ? ನೋಡೋಣ.

ಹಲ್ಲಿನ ಮೇಲೆ ಬಿಳಿ ಹೊಳಪಿನ ಕವಚ ಇದೆ. ಅದಕ್ಕೆ ಎನಾಮೆಲ್ ಅಂತಾರೆ. ಅದು ಎಲುಬಿಗಿಂತ ಗಟ್ಟಿ. ಆದರೆ ಸವೆದರೆ ಮತ್ತೆ ಬೆಳೆಯದು. ಅದರ ಒಳಗಿನ ಪದರ ಹಳದಿ.

ತಿಕ್ಕುವ ಪುಡಿ: ಪೇಸ್ಟಿನಲ್ಲಿ ಸುಣ್ಣದ ಕಲ್ಲಿನಂಥ ನುಣ್ಣನೆ ಪುಡಿ ಇರ್ತದೆ. ಚಾ, ಎಲೆ-ಅಡಿಕೆಯ ಮೇಲಿನ ಕಲೆ ಅದರಿಂದ ಸ್ವಲ್ಪ ಹೋಗ್ತದೆ. ಇದ್ದಿಲು, ಇಟ್ಟಿಗೆ ಪುಡಿ ಒರಟು. ದಿನಾ ತಿಕ್ಕಿದರೆ ಕವಚ ಸವೆಯುತ್ತದೆ. ಒಳಗಿನ ಹಳದಿ ಕಾಣುತ್ತದೆ. ಬಿಳುಪು ಬೇಕೆಂದು ತಿಕ್ಕಿದರೆ ಹಳದಿಯೇ ಹೆಚ್ಚಾಯಿತು!

ನೀಲಿ: ಬಿಳಿ ಬಟ್ಟೆಗೆ ನಾವು ನೀಲಿ ಹಾಕ್ತೀವಲ್ಲ? ಕೆಲವು ಪೇಸ್ಟಿನಲ್ಲೂ ನೀಲಿ ಬಣ್ಣ ಇದೆ. ಅದು ಹಳದಿಯನ್ನು ಸ್ವಲ್ಪ ಹೊತ್ತು ಮರೆಮಾಡುತ್ತದೆ. ಕಲೆ ಹೋಗುವುದಿಲ್ಲ.

ಬಣ್ಣ ತೆಗೆಯುವ ಮದ್ದು: ಇದರ ಹೆಸರು ಹೈಡ್ರೋಜನ್ ಪೆರಾಕ್ಸೈಡ್. ಕಾಗದ ಮಾಡುವಲ್ಲೂ ಇದನ್ನು ಬಳಸುವುದುಂಟು. ಇದು ಹಲ್ಲಿನೊಳಗೆ ಇಳಿದು ಬಣ್ಣವನ್ನು ಒಡೆಯುತ್ತದೆ. ಹೆಚ್ಚಾದರೆ ವಸಡು ಉರಿಯಬಹುದು. ಹಲ್ಲು ಜುಮ್ ಅನ್ನಬಹುದು. ಕಟ್ಟಿಸಿದ ಹಲ್ಲು ಇದರಿಂದ ಬೆಳ್ಳಗಾಗುವುದಿಲ್ಲ. ಹಲ್ಲಿನ ಡಾಕ್ಟರನ್ನು ಕೇಳದೆ ಇದನ್ನು ಹಚ್ಚಬಾರದು.

ಮಿಶ್ರಿ ಬೇಡ: ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿ. ತಿಕ್ಕಿದರೆ ಹಲ್ಲುನೋವು ಕಡಿಮೆ ಅಂತ ಅನಿಸ್ತದೆ. ಆದರೆ ಹಲ್ಲಿನ ಹುಳುಕು ಹೋಗುವುದಿಲ್ಲ. ಚಟ ಅಂಟುತ್ತದೆ. ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಬೆರೆಸಬಾರದೆಂದು 1992ರಲ್ಲಿ ಸರ್ಕಾರ ಆದೇಶ ಮಾಡಿತು. ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತಡ ಮಾಡಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ.

ಎಲ್ಲರ ಹಲ್ಲೂ ಹಾಲಿನಂತೆ ಇರುವುದಿಲ್ಲ. ಸ್ವಲ್ಪ ಹಳದಿ ಇದ್ದರೆ ರೋಗವಲ್ಲ. ಮೆತ್ತನೆ ಬ್ರಷ್, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಹಗುರವಾಗಿ ಉಜ್ಜೋಣ.

ಈಗ ನಮಗೆ ಓದು ಬರುತ್ತದೆ. ಕೊಳ್ಳುವ ಮೊದಲು ಡಬ್ಬಿಯ ಮೇಲೆ ಬರೆದದ್ದನ್ನು ಓದೋಣ. ಇಂಗ್ಲಿಷಿನಲ್ಲಿದ್ದರೆ ಮಕ್ಕಳಿಂದ ಓದಿಸಿ ಕೇಳೋಣ.

ಓದಿ ಉತ್ತರಿಸಿ
1. ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಹಲ್ಲು ಏಕೆ ಹಳದಿಯಾಗುತ್ತದೆ?
2. ಮಿಶ್ರಿಯಲ್ಲಿ ಏನಿದೆ?
3. ನಿಮ್ಮ ಮನೆಯಲ್ಲಿ ಯಾರು ಯಾವುದರಿಂದ ಹಲ್ಲು ಉಜ್ಜುತ್ತಾರೆ? ಬರೆಯಿರಿ.