ಲಾವಂಚ: ಅಗೆಯದೆ ಗುರುತಿಸುವ ಬಗೆ

ಹೂವೆಂದರೆ ಬಣ್ಣದ ಎಸಳು, ಪರಿಮಳವೆಂದರೆ ಹೂವಿನದೇ ಎಂದು ಮಕ್ಕಳು ಭಾವಿಸಿರುತ್ತಾರೆ. ಈ ಎರಡು ಎಣಿಕೆಗಳನ್ನೂ ತಿದ್ದಲು ಲಾವಂಚ ತಕ್ಕ ಉದಾಹರಣೆ. ಇದು ನಮ್ಮ ನಾಡಿನದೇ ಆದ ಬಹುವಾರ್ಷಿಕ ಹುಲ್ಲು. ಇದರ ಹೂವಿಗೆ ಎಸಳಿಲ್ಲ, ಪರಿಮಳವಿರುವುದು ಬೇರಿನಲ್ಲಿ.

ಹೆಸರು: ಕನ್ನಡದಲ್ಲಿ ಲಾವಂಚ, ಮುಡಿವಾಳ, ಮರಾಠಿಯಲ್ಲಿ ವಾಳಾ, ಹಿಂದಿಯಲ್ಲಿ ಖಸ್. ಖಂಡೇರಾಜುರಿಯಂಥ ಗಡಿಭಾಗದ ಊರಿನ ಮಗು ಮನೆಯಲ್ಲಿ ಒಂದು ಹೆಸರನ್ನೂ ಸಂತೆಯಲ್ಲಿ ಇನ್ನೊಂದನ್ನೂ ಕೇಳಿರಬಹುದು. ಯಾವುದನ್ನೂ ತಪ್ಪೆನ್ನದೆ ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆಯಿರಿ. ಹೆಸರು ಭಾಷೆಗೊಂದಾದರೂ ಸಸ್ಯದ ಲಕ್ಷಣ ಬದಲಾಗದು ಎಂಬುದು ಮಕ್ಕಳಿಗೆ ಮನವರಿಕೆಯಾಗಲಿ.

ನೆಲೆ: ಮಿರಜ ತಾಲ್ಲೂಕಿನ ಪೂರ್ವಭಾಗ ಕಡಿಮೆ ಮಳೆಯ ಸೀಮೆ. ಇಲ್ಲಿನ ಒಣ ಗುಡ್ಡದ ಇಳಿಜಾರುಗಳಲ್ಲಿ ಲಾವಂಚವನ್ನು ಹುಡುಕಬಾರದು. ಹಳ್ಳದ ದಂಡೆ, ಕೆರೆಯ ಅಂಚು, ನೀರು ನಿಲ್ಲುವ ತಗ್ಗು ಇದರ ಸಹಜ ನೆಲೆಗಳು.

ಲಕ್ಷಣಗಳು:
1. ಒತ್ತಾಗಿ ಗುಂಪುಗೂಡಿದ ಬುಡ, ಸುಮಾರು 1.5ರಿಂದ 2 ಮೀಟರ್ ಎತ್ತರದ ನೆಟ್ಟನೆಯ ಕಾಂಡ.
2. ಕಿರಿದಾದ, ಬಿರುಸಾದ ಎಲೆ, ಒರಟು ಅಂಚು.
3. ಮಳೆಗಾಲದ ಕೊನೆಯ ವೇಳೆಗೆ ಕಂದು-ನೇರಳೆ ಬಣ್ಣದ ತೆನೆ. ಅದರ ಕವಲುಗಳು ದಂಟಿನ ಸುತ್ತ ಸುತ್ತಾಗಿ ಹೊರಡುತ್ತವೆ.
4. ನೇರವಾಗಿ ಕೆಳಗಿಳಿಯುವ ಬೇರು. ಅದು 3 ಮೀಟರ್ ಆಳಕ್ಕೂ ಇಳಿಯಬಲ್ಲದು.

ಹೋಲಿಕೆ: ಹಿತ್ತಿಲಿನ ಗವತಿ ಚಹಾದ ಎಲೆಯನ್ನು ಉಜ್ಜಿದರೆ ನಿಂಬೆಯ ವಾಸನೆ ಬರುತ್ತದೆ, ಲಾವಂಚದ ಎಲೆಯಲ್ಲಿ ಆ ವಾಸನೆಯಿಲ್ಲ. ನೀರಿನ ದಂಡೆಯಲ್ಲೇ ಬೆಳೆಯುವ ಕಾಶದ ತೆನೆ ಬೆಳ್ಳಗೆ ರೇಷ್ಮೆಯಂತಿರುತ್ತದೆ, ಲಾವಂಚದ್ದು ಹಾಗಿಲ್ಲ.

ಎಚ್ಚರಿಕೆ: ಪರಿಮಳ ನೋಡಲೆಂದು ಬೇರನ್ನು ಕೀಳಿಸಬೇಡಿ. ದಂಡೆಯ ಮಣ್ಣನ್ನು ಹಿಡಿದಿರುವುದು ಆ ಬೇರೇ. ನಲವತ್ತು ಮಕ್ಕಳು ಒಂದೊಂದು ಎಳೆ ಕಿತ್ತರೂ ಗುಂಪು ಉಳಿಯದು, ಮುಂದಿನ ಮಳೆಗೆ ದಂಡೆಯೂ ನಿಲ್ಲದು. ಅಂಗಡಿಯಲ್ಲಿ ದೊರೆಯುವ ಒಣಬೇರನ್ನು ತರಗತಿಯಲ್ಲಿ ನೀರಿಗೆ ಹಾಕಿ ತೋರಿಸಿದರೆ ಸಾಕು. ಹೊರಸಂಚಾರದಲ್ಲಿ ಮಕ್ಕಳು ಪೊದೆಯೊಳಗೆ ಕೈಹಾಕದಂತೆ, ನೀರಿಗಿಳಿಯದಂತೆ ನೋಡಿಕೊಳ್ಳಿ.

ಚಟುವಟಿಕೆ: ಪ್ರತಿ ಗುಂಪೂ ನೆಲೆ, ಬುಡ, ಎಲೆ, ತೆನೆ ಎಂಬ ನಾಲ್ಕು ಕಲಮುಗಳ ಪಟ್ಟಿ ತುಂಬಲಿ, ತೆನೆಯ ಚಿತ್ರ ಬರೆಯಲಿ. ಲಾವಂಚ ಕಾಣದಿದ್ದರೆ ಕಂಡ ಹುಲ್ಲನ್ನೇ ದಾಖಲಿಸಿ, “ಇದು ಲಾವಂಚವಲ್ಲ, ಏಕೆಂದರೆ...” ಎಂದು ವಾಕ್ಯ ಪೂರ್ಣಗೊಳಿಸಲಿ. ಕಾರಣಸಹಿತವಾಗಿ ಅಲ್ಲವೆನ್ನುವುದೂ ಗುರುತಿಸುವಿಕೆಯೇ.

ಮೌಲ್ಯಮಾಪನ: ಹಳ್ಳದ ದಂಡೆಯಲ್ಲಿ ತೆನೆ ಬಿಡದ ಎತ್ತರದ ಹುಲ್ಲೊಂದಿದೆ. ಅದು ಲಾವಂಚವೆಂದು ಈಗಲೇ ಹೇಳಬಹುದೇ? ಇನ್ನೇನನ್ನು ನೋಡಬೇಕು, ಯಾವ ಕಾಲದವರೆಗೆ ಕಾಯಬೇಕು?