‘ದುಂದು’ ಶಬ್ದದ ಅರ್ಥವಿಚಾರ

ಹಾರೂಗೇರಿಯ ವಿದ್ಯಾರ್ಥಿಯೊಬ್ಬನು ಪಾಠದ ನಡುವೆ ಎದ್ದು ನಿಂತು, “ಗುರುಗಳೇ, ಜಾತ್ರೆಯ ದಾಸೋಹದಲ್ಲಿ ಚೀಲಗಟ್ಟಲೆ ಜೋಳ, ಗೋದಿ ಖರ್ಚಾಗುತ್ತವೆ. ಇದು ದುಂದುವೆಚ್ಚವಲ್ಲವೇ?” ಎಂದು ಕೇಳಿದನು. ಪ್ರಶ್ನೆಯು ಉದ್ಧಟತನದ್ದಲ್ಲ, ಶಬ್ದಾರ್ಥವನ್ನು ನಿಶ್ಚಯಿಸದೆ ಉತ್ತರಿಸಬಾರದಂತಹುದು.

ಸಂಸ್ಕೃತದ ‘ವ್ಯಯ’ವು ‘ವಿ’ ಉಪಸರ್ಗವು ‘ಇ’ ಧಾತುವಿನೊಡನೆ ಸೇರಿ ಆದುದು. ‘ಇ’ ಎಂದರೆ ಹೋಗು. ಆದುದರಿಂದ ಅಗಲಿಹೋಗುವುದು, ಕಳೆಯುವುದು ವ್ಯಯ. ಹಳಗನ್ನಡದಲ್ಲಿ ಇದರ ತದ್ಭವ ‘ಬೀಯ’. ಕಳೆಯದುದು ‘ಅವ್ಯಯ’, ಲಿಂಗ, ವಚನ, ವಿಭಕ್ತಿಗಳಿಂದ ರೂಪಭೇದ ಹೊಂದದ ಪದಕ್ಕೂ ವ್ಯಾಕರಣದಲ್ಲಿ ಅದೇ ಹೆಸರು. ವ್ಯಯವು ತಾನಾಗಿ ದೋಷವಲ್ಲ. ‘ಮಿತ’ ಕೂಡಿದರೆ ಗುಣ, ‘ಅಪ’ ಕೂಡಿದರೆ ದೋಷ.

ನಮ್ಮ ಆಡುಮಾತಿನಲ್ಲಿ ‘ಪೋಲು’, ‘ದುಂದು’ ಎಂಬೆರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಸೂಕ್ಷ್ಮವಾಗಿ ನೋಡಿದರೆ ಭೇದವುಂಟು. ತೂತು ಕೊಡದಿಂದ ಸೋರಿದ ನೀರು ಪೋಲಾಯಿತು. ಅದು ಯಾರಿಗೂ ಒದಗಲಿಲ್ಲ. ದುಂದಿನಲ್ಲಿ ಬಳಕೆಯುಂಟು, ಅಳತೆಯಿಲ್ಲ. ಗಡಿಯಾಚೆಯ ಮರಾಠಿಗರು ಇದನ್ನೇ ‘ಉಧಳಪಟ್ಟಿ’ ಎನ್ನುತ್ತಾರೆ. ‘ಉಧಳಣೇ’ ಎಂದರೆ ಎರಚುವುದು. ಭಂಡಾರವನ್ನು ಎರಚುವಂತೆ ಹಣವನ್ನು ಎರಚುವುದೆಂದು ತಾತ್ಪರ್ಯ.

ಹಾಗಾದರೆ ಅಳತೆ ಯಾವುದು? ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆ ಇದಕ್ಕೆ ಉತ್ತರ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ತಂದನು. ಲಕ್ಕಮ್ಮನು ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಹೇಳಿದಳು. ಅಗತ್ಯಕ್ಕೆ ಮೀರಿದುದು ಹಿಡಿಯಷ್ಟಾದರೂ ಆಸೆಯೇ. ಆ ಆಸೆ ಕೂಡಿಟ್ಟರೆ ಲೋಭ, ಎರಚಿದರೆ ದುಂದು, ಬೇರು ಒಂದೇ.

ಪಾಠ ಹೇಳುವ ನಾನೂ ಇದರಲ್ಲಿ ಎಡವಿದವನೇ. ಮಗಳ ಲಗ್ನದಲ್ಲಿ ಬೀಗರ ಮುಂದೆ ತಲೆ ತಗ್ಗಬಾರದೆಂದು ಹೊಲವನ್ನು ಒತ್ತೆಯಿಟ್ಟು ಹಲವು ಭಕ್ಷ್ಯಗಳನ್ನು ಮಾಡಿಸಿದೆನು. ಉಣ್ಣದೆ ಉಳಿದ ಅನ್ನ ಮರುದಿನವೇ ತಿಪ್ಪೆಯನ್ನು ಸೇರಿತು. ಸಾಲವು ಮಾತ್ರ ಆರು ವರ್ಷ ಮನೆಯಲ್ಲಿಯೇ ಉಳಿಯಿತು.

ಹಣವೊಂದರಲ್ಲಿಯೇ ದುಂದೆಂದು ತಿಳಿಯಲಾಗದು. ಕಬ್ಬಿನ ಸೀಮೆಯವರಾದ ನಮಗೆ ನೀರೂ ಧನ. ಬಸಿಯಲು ಹಾದಿಯಿಲ್ಲದ ಕರಿನೆಲಕ್ಕೆ ಅಳತೆಮೀರಿ ನೀರು ಹಾಯಿಸಿದರೆ ನೆಲದಡಿಯ ನೀರು ಮೇಲೇರಿ, ಉಪ್ಪನ್ನು ಹೊತ್ತು ತಂದು, ಭೂಮಿ ಸವಳಾಗುತ್ತದೆ. ಕೃಷ್ಣಾತೀರದಲ್ಲಿ ಹೀಗೆ ಕೆಟ್ಟ ಹೊಲಗಳುಂಟು. ದುಂದು ಇಂದಿನದನ್ನು ಕಳೆದು, ಮಕ್ಕಳ ನಾಳೆಯನ್ನೂ ನುಂಗುತ್ತದೆ.

ಆದಕಾರಣ ಆ ವಿದ್ಯಾರ್ಥಿಗೆ ಹೇಳಿದೆನು: “ತಮ್ಮಾ, ದಾಸೋಹದಲ್ಲಿ ಹಸಿದವರು ಉಂಡ ನೂರು ಚೀಲವೂ ದುಂದಲ್ಲ. ಹೆಸರಿಗಾಗಿ ಮಾಡಿದ ಒಂದು ಸೇರೂ ದುಂದೇ. ನಿನ್ನ ತಾಟಿನಲ್ಲಿ ನೀನು ಬಿಟ್ಟು ಏಳುವ ತುತ್ತು ಪೋಲು.” ಮರುದಿನ ಪ್ರಸಾದದ ಪಂಕ್ತಿಯಲ್ಲಿ ಆತನ ತಾಟನ್ನು ನೋಡಿದೆನು, ಬರಿದಾಗಿತ್ತು. ನನ್ನ ತಾಟನ್ನೂ ಒಮ್ಮೆ ನೋಡಿಕೊಂಡೆನು.