ಕಣಗಿಲೆ

ಶಿವರಾತ್ರಿ ಕಳೆದು ಬಿಸಿಲು ಬಲಿತಂತೆ ಚಿತ್ರದುರ್ಗ, ತುಮಕೂರು ಕಡೆಯ ಹಿತ್ತಿಲುಗಳಲ್ಲಿ ಹಸಿರು ಅಪರೂಪವಾಗುತ್ತದೆ. ಮಲ್ಲಿಗೆ ಸೊರಗುತ್ತದೆ; ದಾಸವಾಳ ತಲೆ ಬಾಗಿಸುತ್ತದೆ. ಬಾವಿಯ ತಳ ಕಾಣುವ ಕಾಲದಲ್ಲಿ ಹೂಗಿಡಗಳಿಗೆ ನೀರೆರೆಯುವವರಾರು? ಅಂತಹ ದಿನಗಳಲ್ಲಿಯೂ ಬೇಲಿಯ ಮಗ್ಗುಲಲ್ಲಿ ಬಿಳಿ, ಕೆಂಪು, ಗುಲಾಬಿ ಬಣ್ಣದ ಗೊಂಚಲುಗಳನ್ನು ಹೊತ್ತು ನಿಲ್ಲುವ ಗಿಡ ಕಣಗಿಲೆ. ಶಿವಪೂಜೆಗೆ ಪ್ರಿಯವಾದ ಈ ಹೂವನ್ನು ಸಂಸ್ಕೃತದಲ್ಲಿ ಕರವೀರವೆನ್ನುತ್ತಾರೆ.

ಮೆಡಿಟರೇನಿಯನ್ ತೀರದಿಂದ ಭಾರತದವರೆಗಿನ ನಾಡುಗಳಲ್ಲಿ ಇದು ಹಳ್ಳಗಳ ದಂಡೆಯಲ್ಲಿ ತಾನಾಗಿಯೇ ಬೆಳೆಯುತ್ತದೆ. ಮಳೆಯಲ್ಲಿ ತುಂಬಿ ಹರಿದು ಬೇಸಗೆಯಲ್ಲಿ ಬತ್ತಿಹೋಗುವ ಹಳ್ಳದ ಬದಿಯಲ್ಲಿ ಬಾಳಬೇಕಾದ ಗಿಡಕ್ಕೆ ಎರಡನ್ನೂ ಸಹಿಸುವ ಗುಣ ಬೇಕಷ್ಟೆ. ಅದರ ಗುಟ್ಟು ಎಲೆಯಲ್ಲಿದೆ. ಗಣ್ಣಿಗೆ ಮೂರರಂತೆ ಮೂಡುವ ನೀಳವಾದ ಎಲೆಗಳು ತೊಗಲಿನಂತೆ ದಪ್ಪ. ಮೇಲೆ ಮೇಣದ ಲೇಪ. ನೀರಾವಿ ಹೊರಹೋಗುವ ಪತ್ರರಂಧ್ರಗಳು ಎಲೆಯ ಕೆಳಮೈಯ ಸಣ್ಣ ಸಣ್ಣ ಗುಳಿಗಳೊಳಗೆ ಅಡಗಿವೆ. ಗುಳಿಗಳಲ್ಲಿ ನವಿರಾದ ರೋಮಗಳಿರುವುದರಿಂದ ಒಣಗಾಳಿ ರಂಧ್ರಗಳನ್ನು ನೇರವಾಗಿ ತಾಕಲಾರದು. ಹೆದ್ದಾರಿಗಳ ನಡುವಣ ಪಟ್ಟಿಯಲ್ಲಿ, ಧೂಳು ಹೊಗೆಗಳ ಮಧ್ಯೆ, ಇದನ್ನು ಸಾಲಾಗಿ ನೆಟ್ಟಿರುವುದು ಸುಮ್ಮನೆ ಅಲ್ಲ.

ಬೆಳೆಸುವುದು ಸುಲಭ. ಮುಂಗಾರಿನ ಆರಂಭದಲ್ಲಿ ಬಲಿತ ಕೊಂಬೆಯಿಂದ ಗೇಣುದ್ದದ ತುಂಡನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಎರಡು ಗಣ್ಣು ಮಣ್ಣಿನೊಳಗಿರುವಂತೆ ನೆಟ್ಟರೆ ಬೇರು ಬಿಡುತ್ತದೆ. ನೀರು ನಿಲ್ಲದ, ಬಿಸಿಲು ಚೆನ್ನಾಗಿ ಬೀಳುವ ಜಾಗವಾಗಬೇಕು. ನೆರಳಿನಲ್ಲಿ ಗಿಡ ಬೆಳೆದೀತು, ಹೂ ಕಡಿಮೆ. ಮೊದಲ ಬೇಸಗೆಯಲ್ಲಿ ಆಗಾಗ ನೀರೆರೆದರೆ ಸಾಕು. ಬೇರು ಆಳಕ್ಕಿಳಿದ ಮೇಲೆ ಅದು ಯಾರನ್ನೂ ಕಾಯುವುದಿಲ್ಲ. ಹೂವು ಹೊಸ ಚಿಗುರಿನ ತುದಿಯಲ್ಲಿ ಬರುವುದರಿಂದ, ಹೂವಿನ ಭರ ಮುಗಿದೊಡನೆ ಕೊಂಬೆಗಳನ್ನು ಸವರುವುದು ಒಳ್ಳೆಯದು.

ಎಚ್ಚರಿಕೆ ಬೇಕಾದುದು ಇಲ್ಲಿಯೇ. ಬೇರು, ತೊಗಟೆ, ಎಲೆ, ಹೂ, ಬೀಜ ಎಲ್ಲವೂ ವಿಷ. ಈ ವಿಷವು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಕರವೀರಕ್ಕೆ ಹಯಮಾರಕ, ಎಂದರೆ ಕುದುರೆಯನ್ನು ಕೊಲ್ಲುವುದು, ಎಂಬ ಹೆಸರನ್ನಿಟ್ಟ ಹಿಂದಿನವರಿಗೆ ಇದು ತಿಳಿಯದ ಸಂಗತಿಯಲ್ಲ. ಹಸಿಯೆಲೆ ಕಹಿಯಾದ್ದರಿಂದ ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಎಲೆ ಒಣಗಿದರೂ ವಿಷ ಹೋಗದು. ಸವರಿದ ಸೊಪ್ಪು ಮೇವಿನೊಡನೆ ಬೆರೆತರೆ ಹಸಿದ ಹಸು ಅದನ್ನು ಬೇರ್ಪಡಿಸಿ ತಿನ್ನುವುದೆಂದು ನಂಬಿ ಕೂರಲಾಗದು. ಆದ್ದರಿಂದ ಕಣಗಿಲೆ ಕೊಟ್ಟಿಗೆಯಿಂದಲೂ ಮಕ್ಕಳಾಡುವ ಅಂಗಳದಿಂದಲೂ ದೂರವಿರಬೇಕು. ಕಡಿದ ಕೊಂಬೆಯನ್ನು ಒಲೆಗೆ ಹಾಕಬಾರದು, ಹೊಗೆಯೂ ಹಾನಿಕರ. ಗಿಡ ಮುಟ್ಟಿದ ಕೈ ತೊಳೆಯಬೇಕು. ಯಾರಾದರೂ ತಿಂದರೆಂದು ತಿಳಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಗಿಡದ ಒಂದು ತುಂಡನ್ನೂ ಚೀಲದಲ್ಲಿ ಹಾಕಿಕೊಂಡು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟಾದರೂ ಕಣಗಿಲೆಯನ್ನೇ ಉಂಡು ಬೆಳೆಯುವ ಜೀವಿಗಳುಂಟು. ರೆಕ್ಕೆಯಂಚಿನಲ್ಲಿ ಬಿಳಿ ಚುಕ್ಕೆಗಳಿರುವ ಕಂದುಬಣ್ಣದ ಚಿಟ್ಟೆಯೊಂದು ಇದರ ಎಲೆಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಎಲೆಗಳನ್ನು ಮೇದು, ಬೆಳ್ಳಿಯಂತೆ ಥಳಥಳಿಸುವ ಕೋಶವಾಗಿ ಜೋತು ಬೀಳುತ್ತದೆ. ಅದರಿಂದ ಹೊರಬಂದ ಚಿಟ್ಟೆಯು ಅವಸರವಿಲ್ಲದೆ ಹಾರಾಡುತ್ತದೆ. ಒಮ್ಮೆ ಅದರ ರುಚಿ ಕಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ.